ಮೊದಲು ಊಟ

ಬೆಳಿಗ್ಗೆಯಿಂದ ಮಾಳವಿಕಾ ಬೆನ್ನುಚೀಲದ ಜಿಪ್ಪು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು, ಇದನ್ನೇ ಮಾಡುತ್ತಿದ್ದಳು. ಒಳಗೆ ಹುಡುಕುವಂಥದ್ದು ಏನೂ ಇರಲಿಲ್ಲ. ಒದ್ದೆಯಾದ ಒಂದು ಟವಲು, ಪಾಸ್‌ಪೋರ್ಟು ಸುತ್ತಿಟ್ಟ ಪ್ಲಾಸ್ಟಿಕ್ ಚೀಲ, ಇಂಗ್ಲೆಂಡಿನ ಸಾಲ್ಫರ್ಡಿನಿಂದ ಹೊರಡುವಾಗ ಇಟ್ಟುಕೊಂಡ ಜ್ವರದ ಮಾತ್ರೆ, ಅಷ್ಟೇ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕೈ ಸುಮ್ಮನಿದ್ದರೆ ಬಾಯಿ ಏನು ಹೇಳಿಬಿಡುತ್ತದೋ ಎಂಬ ಹೆದರಿಕೆ. ಎದುರಿಗೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಬೃಂದಾ ನಿಂತಿದ್ದಳು. ಹಿಂದಿನ ದಿನ ಬೀದಿಯಲ್ಲಿ ಕೊಂಡ ಹಳದಿ ಪ್ಲಾಸ್ಟಿಕ್ ರೇನ್‌ಕೋಟಿನಲ್ಲಿ ತಲೆ ತೂರಿಸಲು ಹೋಗಿ, ತೋಳಿನ ಕಿಂಡಿಯಲ್ಲಿ ಸಿಕ್ಕಿಹಾಕಿಕೊಂಡು, ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಅವಳ ಅವ್ವ ತೀರಿಹೋಗಿದ್ದಳು. ಅದು ಅವಳಿಗೆ ಗೊತ್ತಿರಲಿಲ್ಲ.

ಫೋನು ಬಂದಾಗ ಬೃಂದಾ ಸ್ನಾನಕ್ಕೆ ಹೋಗಿದ್ದಳು. ಗದಗಿನಿಂದ ಅವಳ ತಮ್ಮ ಬಸವಪ್ರಭು. ಈ ಪ್ರವಾಸಕ್ಕೆ ಹೊರಡುವ ಮುಂಚೆ ಬೃಂದಾ ಮನೆಯವರಿಗೆಲ್ಲ ಮಾಳವಿಕಾಳ ನಂಬರು ಕೊಟ್ಟಿದ್ದಳು. ವಿಯೆಟ್ನಾಮಿಗೆ ಬಂದಿಳಿದ ಮೇಲೆ ಇಲ್ಲಿಯ ಸಿಮ್ಮು ಹಾಕಿಸಿಕೊಂಡವಳೂ ಮಾಳವಿಕಾ ಒಬ್ಬಳೇ. ಬೃಂದಾಳದು ಅವಳ ಹಾಟ್‌ಸ್ಪಾಟಿನಲ್ಲಿ ನಡೆಯುವ ಬಾಳು. "ಅಕ್ಕಾರ, ನಮ್ಮ ಅಕ್ಕ ಬಾಜೂ ಅದಾಳೇನ್ರಿ?" ಎಂದು ಬಸವಪ್ರಭು ಕೇಳಿದ. ಇಲ್ಲ, ಸ್ನಾನಕ್ಕೆ ಹೋಗಿದಾಳೆ ಎಂದಳು. "ಅವ್ವ ಹೋದ್ಲರಿ," ಎಂದ. ಹೃದಯದ ಆಪರೇಷನ್ ಆಗಿ ವರ್ಷಗಟ್ಟಲೆ ಮಾತ್ರೆಯ ಮೇಲೆ ಬದುಕಿರುವವರು ಬೃಂದಾಳ ತಂದೆ, ಅಪ್ಪಾಜಿ. ಆದ್ದರಿಂದ ಮಾಳವಿಕಾಳಿಗೆ ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಪ್ಪಾಜಿಯಾ ಎಂದು ಕೇಳಿದಳು. "ಅಲ್ರಿ, ಅವ್ವ. ನಸಿಕಿನ್ಯಾಗ ಅಪ್ಪಾಜಿಗೆ ಚಾ ಮಾಡಾಕ ಎದ್ದಾಳ. ಒಲಿ ಮುಂದ ಕುಂತ್ಲಂತ, ಕುಂತಾಕಿ ಏಳಲಿಲ್ಲರಿ." ಮುಂದಿನದನ್ನು ಅವನು ಬಾಯಿಪಾಠ ಮಾಡಿಕೊಂಡವನ ಹಾಗೆ ಹೇಳಿದ. ನೀವಿರೂ ಊರಾಗ ಮಳಿಗೆ ವಿಮಾನ ಬಂದ್ ಆಗ್ಯಾವಂತ, ಟೀವಿಯೊಳಗ ನೋಡೀವಿ. ಹೆಂಗೂ ಮುಟ್ಟಾಕ ಆಗೂದಿಲ್ಲ. ಸಂಜಿಮುಂದ ಮಣ್ಣ ಮಾಡ್ತೀವಿ. "ಅಕ್ಕಗ ಈಗ ಹೇಳಬ್ಯಾಡ್ರಿ. ಪರದೇಶದಾಗ ಆಕಿ ತಡಕೊಳ್ಳೂದಿಲ್ಲ. ವಿಮಾನ ಹತ್ತೋ ಮುಂದ, ಅವ್ವಗ ಸ್ವಲ್ಪ ಸೀರಿಯಸ್ ಐತಿ ಅಂತ ಹೇಳಿ ಕರಕೊಂಡ ಬರ್ರಿ. ನಿಮ್ಮನ್ನ ನಂಬೇವ್ರಿ." ಮಾಳವಿಕಾ ಆಯ್ತು ಎಂದಳು. ಒಳಗೆ ಬೃಂದಾ ನಲ್ಲಿ ನಿಲ್ಲಿಸಿದ ಸದ್ದು ಕೇಳಿದ್ದೇ ತಡ, ಮೊದಲು ಮಾಡಿದ ಕೆಲಸ ಹಾಟ್‌ಸ್ಪಾಟ್ ಆರಿಸಿದ್ದು. ಕರೆಂಟು ನಿನ್ನೆಯೇ ಹೋಗಿದ್ದರಿಂದ ಹಾಸ್ಟೆಲಿನ ವೈಫೈ ಮೊದಲೇ ಸತ್ತಿತ್ತು. ಇಷ್ಟು ಸುಲಭವಾಗಿ ಒಬ್ಬಳನ್ನು ಲೋಕದಿಂದ ಬೇರೆ ಮಾಡಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ.

ಹುವೇ ಎನ್ನುವ ಈ ಊರಿಗೆ ಬಂದ ದಿನದಿಂದ ಮಳೆ ಬಿಟ್ಟಿರಲಿಲ್ಲ. ಒಂದು ಕಾಲಕ್ಕೆ ರಾಜರಿದ್ದ ಊರು, ನಡುವೆ ಹೊಳೆ, ಹೊಳೆಯ ಆಚೆ ಕೋಟೆ. ಹೊಳೆಗೆ ಸುಗಂಧ ನದಿ ಎಂದು ಹೆಸರು. ಈಗ ಅದು ಕೆಂಪು ಕೆಸರಾಗಿ ದಂಡೆ ಹತ್ತಿ, ಪಕ್ಕದ ಬೀದಿಗಳಿಗೆ ಕಾಲಿಟ್ಟಿತ್ತು. ಜನ ಗಾಬರಿಯಾದ ಹಾಗೆ ಕಾಣಲಿಲ್ಲ. ವರ್ಷವರ್ಷವೂ ಬರುವ ನೆಂಟರನ್ನು ಕಂಡವರ ಹಾಗೆ ಗೊಣಗಿಕೊಂಡೇ ಅಂಗಡಿ ಸಾಮಾನು ಮೇಲಿನ ಹಲಗೆಗೆ ಏರಿಸುತ್ತಿದ್ದರು, ಸ್ಕೂಟರುಗಳನ್ನು ಸಾಲಾಗಿ ಸೇತುವೆಯ ಮೇಲೆ ತಂದು ನಿಲ್ಲಿಸುತ್ತಿದ್ದರು. ಕಣಕಾಲು ಮುಳುಗುವ ನೀರಿನಲ್ಲಿ ಬೃಂದಾ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಮುಂದೆ ನಡೆದಳು. "ನಮ್ಮನ್ನ ನೋಡು ಮಾಳೂ, ಪಕ್ಕಾ ಬ್ಯಾಕ್‌ಪ್ಯಾಕರ್ಸ್. ಇದನ್ನ ಇಪ್ಪತ್ತಕ್ಕೆ ಮಾಡಬೇಕಿತ್ತು, ಮೂವತ್ತೈದಕ್ಕಾದ್ರೂ ಬಂತಲ್ಲ," ಎಂದಳು. ಮೈಸೂರಿನ ಮಾಳವಿಕಾಳ ಜೊತೆ ಮಾತಾಡುವಾಗ ಬೃಂದಾ ತನ್ನ ಗದಗಿನ ಕನ್ನಡವನ್ನು ಮಡಿಸಿಟ್ಟು ಬೆಂಗಳೂರಿನದನ್ನು ತೆಗೆಯುತ್ತಿದ್ದಳು. ಮನೆಯ ಮಾತು ಅವ್ವನ ಫೋನಿಗೆ ಮಾತ್ರ. ಅದು ಶುರುವಾದರೆ ಅವಳ ದನಿಯೇ ಬದಲಾಗಿ, ಕೂತ ಭಂಗಿಯೂ ಬದಲಾಗಿ, ಮ್ಯಾಕಲ್ಸ್‌ಫೀಲ್ಡಿನ ಔಷಧದ ಕಾರ್ಖಾನೆಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಗುಣಮಟ್ಟ ನೋಡುವ ಹೆಂಗಸು ಎಲ್ಲೋ ಹೋಗಿ, ಕಾಲು ಮಡಚಿ ಕೂತ ಹುಡುಗಿ ಬರುತ್ತಿದ್ದಳು. ಆ ಮಾತು ಇನ್ನು ಯಾರ ಜೊತೆ ಆಡುತ್ತಾಳೆ ಎಂದುಕೊಂಡು ಮಾಳವಿಕಾ ಒಂದು ಗುಂಡಿಗೆ ಕಾಲಿಟ್ಟಳು. ಮೊಳಕಾಲವರೆಗೂ ನೀರು. ಬೃಂದಾ ಬಿದ್ದು ಬಿದ್ದು ನಕ್ಕಳು. ಮಾಳವಿಕಾಳೂ ನಕ್ಕುಬಿಟ್ಟಳು, ನಿಜವಾದ ನಗು, ಹೊಟ್ಟೆಯಿಂದ ಬಂದದ್ದು. ನಕ್ಕ ಮರುಕ್ಷಣ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಮ್ಯಾಂಚೆಸ್ಟರಿನ ಮಳೆ ಇಂಥದ್ದಲ್ಲ. ಅದು ಕೌನ್ಸಿಲ್ ಆಫೀಸಿನವರ ಹಾಗೆ, ಕೊಡುವುದನ್ನು ಒಂದೇ ಸಲ ಕೊಡುವುದಿಲ್ಲ. ಸಾಲ್ಫರ್ಡಿನ ಫ್ಲಾಟಿನ ಕಿಟಕಿಯಿಂದ ನೋಡಿದರೆ ಮಳೆ ಬರುತ್ತಿದೆಯೋ ಇಲ್ಲವೋ ಎಂದು ಕೆಳಗಿನ ಕಾಲುವೆಯ ನೀರಿನ ಮೇಲಿನ ಚುಕ್ಕೆ ನೋಡಿ ತಿಳಿಯಬೇಕು. ಅಪ್ಪನ ವಿಷಯಕ್ಕೆ ಮಾಳವಿಕಾಳಿಗೆ ಫೋನು ಬಂದ ದಿನವೂ ಹಾಗೇ ಚುಕ್ಕೆಗಳಿದ್ದವು. ಚಿಕ್ಕಪ್ಪ ಮೈಸೂರಿನಿಂದ ಫೋನು ಮಾಡಿ, ಅಪ್ಪನಿಗೆ ಸ್ವಲ್ಪ ಸೀರಿಯಸ್ಸು, ಐಸಿಯುನಲ್ಲಿದ್ದಾರೆ, ಹೊರಟು ಬಾಮ್ಮ ಎಂದಿದ್ದರು. ಅವಳು ಬಟ್ಟೆ ತುಂಬುತ್ತಿರುವಾಗಲೇ ಬೃಂದಾ ಬಾಗಿಲು ತಟ್ಟಿದಳು, ಕೊರಳಲ್ಲಿ ಇನ್ನೂ ಕಾರ್ಖಾನೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಟ್ರ್ಯಾಮಿನಲ್ಲಿ ಪಕ್ಕದಲ್ಲೇ ಕೂತಳು. ಪಿಕಡಿಲಿ ಸ್ಟೇಷನ್ನಿನಲ್ಲಿ ಏರ್‌ಪೋರ್ಟ್ ರೈಲಿಗೆ ಹೊತ್ತಿದೆ ಎಂದು ಒಂದು ಚೀಸ್ ಸ್ಯಾಂಡ್‌ವಿಚ್ ತಂದು ಕೈಗೆ ತುರುಕಿದಳು. ಬೇಡ ಎಂದರೆ ಕೇಳಲಿಲ್ಲ. "ಮೊದಲು ತಿನ್ನು. ಪೂರ್ತಿ ತಿನ್ನು, ಬಿಡಬೇಡ," ಎಂದಳು. ಮಾಳವಿಕಾ ಅಷ್ಟನ್ನೂ ತಿಂದಳು. ತಿಂದ ಮೇಲೆ ಎಷ್ಟೋ ಧೈರ್ಯ ಬಂದ ಹಾಗಾಯಿತು. ವಿಮಾನದಲ್ಲಿ ಕಣ್ಣು ಮುಚ್ಚಿ, ಅಪ್ಪ ಐಸಿಯುನಿಂದ ಹೊರಗೆ ಬಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರುತ್ತೇನೆ ಎಂದು ಹರಕೆ ಹೊತ್ತಳು. ದುಬೈನಲ್ಲಿ ವಿಮಾನ ಬದಲಾಯಿಸುವಾಗ, ಸಾಲದೇನೋ ಎನಿಸಿ, ಮಂಡಿಯೂರಿ ಹತ್ತುತ್ತೇನೆ ಎಂದು ಹೆಚ್ಚಿಸಿದಳು. ಮನೆಯ ಬೀದಿಗೆ ಟ್ಯಾಕ್ಸಿ ತಿರುಗಿದಾಗ ಶಾಮಿಯಾನ ಕಂಡಿತು, ಅದರ ಕೆಳಗೆ ಬಾಡಿಗೆಯ ಕುರ್ಚಿಗಳು ಕಂಡವು. ಅವಳಿಗೆ ಹೇಳುವ ಶ್ರಮವನ್ನು ಯಾರೂ ತೆಗೆದುಕೊಳ್ಳಬೇಕಾಗಲಿಲ್ಲ.

ತೀರಿಹೋದ ಮನುಷ್ಯನಿಗಾಗಿ ಹರಕೆ ಹೊತ್ತಿದ್ದಳು. ಆ ಅವಮಾನ ದುಃಖಕ್ಕಿಂತ ಹೆಚ್ಚು ದಿನ ಉಳಿಯಿತು. ದೇವಿಯ ಜೊತೆ ಅಷ್ಟು ಚೌಕಾಸಿ ಮಾಡುತ್ತಿದ್ದಾಗ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು, ತನಗೊಬ್ಬಳಿಗೆ ಇಲ್ಲ. ಅತ್ತೆ, ಅಪ್ಪನ ಅಕ್ಕ, ಸಮಾಧಾನ ಮಾಡುತ್ತ, ನಿನ್ನ ಹೊಟ್ಟೆಗೆ ಒಂದು ತುತ್ತಾದರೂ ಬೀಳಲಿ ಅಂತ ಹಾಗೆ ಮಾಡಿದ್ವಮ್ಮ, ಸುದ್ದಿ ಕೇಳಿದ ಮೇಲೆ ಹೆಣ ಎತ್ತೋವರೆಗೆ ಬಾಯಿಗೆ ನೀರೂ ಬಿಡೋ ಹಾಗಿಲ್ಲವಲ್ಲ ಎಂದರು. ಸಾಲ್ಫರ್ಡಿಗೆ ಮರಳಿ ಬಂದ ಮೇಲೆ ಒಂದು ಭಾನುವಾರ ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಬೃಂದಾಳಿಗೆ ಹೇಳಿದ್ದಳು. ಯಾರೇ ಆಗಲಿ ಕಣೇ, ಗೊತ್ತಿದ್ದೂ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದವರನ್ನ ನಾನು ಕ್ಷಮಿಸಲ್ಲ ಎಂದಿದ್ದಳು. ಬೃಂದಾ ಬೆನ್ನು ಮಾಡಿ ಕಪ್ಪು ತೊಳೆಯುತ್ತಿದ್ದಳು. ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದಳು. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಅದಾದ ಸ್ವಲ್ಪ ದಿನಕ್ಕೆ, ನೀನು ನಗೋದೇ ಮರೆತಿದೀಯ, ಎಲ್ಲಾದರೂ ದೂರ ಹೋಗಿ ಬರೋಣ, ಬ್ಯಾಗು ಹೆಗಲಿಗೆ ಹಾಕಿ ಸುಮ್ಮನೆ ಅಲೆಯೋಣ ಎಂದು ಈ ಪ್ರವಾಸ ಹೊರಡಿಸಿದವಳೂ ಅವಳೇ.

ಕೋಟೆಯ ಬಾಗಿಲ ಹತ್ತಿರ ಟಿಕೆಟ್ ಕೊಡುವವನು ಇವತ್ತು ಒಳಗೆ ಬಿಡುವುದಿಲ್ಲ ಎಂದು ಕೈ ಆಡಿಸಿದ. ಬಾಗಿಲಿನಿಂದಲೇ ನೋಡಿದರೆ ಅಂಗಳ ಕೆರೆಯಾಗಿತ್ತು, ಆಚೆ ಹಳದಿ ಹೆಂಚಿನ ಮಾಡು ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಬೃಂದಾ ಫೋಟೋ ತೆಗೆದಳು. "ಹಾಟ್‌ಸ್ಪಾಟ್ ಹಾಕೇ. ಅವ್ವಂಗೆ ಕಳಿಸ್ತೀನಿ. ನಾವೇ ದುಡ್ಡು ಕೊಟ್ಟು ಮಳೆ ನೋಡೋಕೆ ಹೋಗಿದೀವಿ ಅಂತ ಊರೆಲ್ಲ ಆಡ್ಕೊಂಡಿದಾಳೆ." ಮಾಳವಿಕಾ ಫೋನನ್ನು ಎದೆಗೆ ಹತ್ತಿರ ಹಿಡಿದು, ಗಂಭೀರವಾಗಿ ನೋಡುವ ನಾಟಕ ಮಾಡಿ, ಸಿಗ್ನಲ್ಲೇ ಇಲ್ಲ ಕಣೇ ಎಂದಳು. ಪರದೆಯ ಮೂಲೆಯಲ್ಲಿ ಕಡ್ಡಿಗಳು ತುಂಬಿ ನಿಂತಿದ್ದವು. "ಹೋಗ್ಲಿ ಬಿಡು, ಸಂಜೆ ಮಾತಾಡ್ತೀನಿ," ಎಂದಳು ಬೃಂದಾ. ಸಂಜೆ ಎಂಬ ಮಾತಿಗೆ ಮಾಳವಿಕಾ ಫೋನನ್ನು ಮಗುಚಿ ಹಿಡಿದಳು. ಸಂಜೆಯ ಹೊತ್ತಿಗೆ ಬೃಂದಾಳ ಅವ್ವ ಶರಣಮ್ಮ ಮಣ್ಣಿನೊಳಗೆ ಇರುತ್ತಾರೆ. ತನ್ನ ಅಪ್ಪನನ್ನಾದರೆ ಗಾಜಿನ ಪೆಟ್ಟಿಗೆಯಲ್ಲಿ ತನಗಾಗಿ ಕಾದಿರಿಸಿದ್ದರು, ಮುಖವನ್ನಾದರೂ ನೋಡಿದ್ದಳು. ಇವಳಿಗೆ ಅದೂ ಇಲ್ಲ. ಇರುವುದು ಈ ಫೋನು, ಅದರ ಕಡ್ಡಿಗಳು. ಈಗ ಹೇಳಿದರೆ ಬಸವಪ್ರಭು ಫೋನು ಎತ್ತಿ ಹಿಡಿದಾನು, ಅವಳು ಅವ್ವನ ಮುಖವನ್ನು ಒಂದು ಸಲ ನೋಡಿಯಾಳು. ಸಂಜೆ ಕಳೆದ ಮೇಲೆ ಹೇಳಿದರೆ ಏನು ಬಂತು. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಅವಳ ಒಳ್ಳೆಯದಕ್ಕೆ ಸುಮ್ಮನಿದ್ದೇನೆ ಎಂದು ಹೇಳಿಕೊಂಡು ನೋಡಿದಳು, ಆ ಮಾತು ನಿಲ್ಲಲಿಲ್ಲ. ಹೇಳಿದ ಕೂಡಲೇ ಆ ಮುಖ ಏನಾಗುತ್ತದೋ, ಅದನ್ನು ಈ ಅಪರಿಚಿತ ಬೀದಿಯಲ್ಲಿ ತಾನೊಬ್ಬಳೇ ನೋಡಬೇಕಲ್ಲ ಎಂಬ ಪುಕ್ಕಲುತನ, ಅಷ್ಟೇ. ಅದಕ್ಕಿಂತ ಕೆಳಗೆ ಇನ್ನೊಂದು ಇತ್ತು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು: ಎಷ್ಟೋ ಕಾಲದ ಮೇಲೆ ಒಂದು ದಿನ ನಕ್ಕಿದ್ದೆ, ಈ ದಿನವನ್ನೇ ಯಾಕೆ ಕೆಡಿಸಲಿ.

"ಏನಾಗಿದೆಯೇ ನಿಂಗೆ? ಬೆಳಿಗ್ಗೆಯಿಂದ ಆ ಜಿಪ್ಪನ್ನ ಕಿತ್ತು ಹಾಕ್ತಿದೀಯ," ಎಂದು ಬೃಂದಾ ಕೇಳಿದಳು. ಮಾಳವಿಕಾ ಕೈಯನ್ನು ನೋಡಿಕೊಂಡಳು. ಏರ್‌ಪೋರ್ಟ್ ರೈಲಿನಲ್ಲಿ ಬೃಂದಾಳ ಕೈಯೂ ಹೀಗೇ ಇತ್ತು. ನೀರಿನ ಬಾಟಲಿಯ ಮೇಲಿನ ಕಾಗದವನ್ನು ಉಗುರಿನಿಂದ ಕೆರೆದು ಕೆರೆದು ಬೋಳು ಮಾಡಿದ್ದಳು, ಚೂರುಗಳು ಅವಳ ತೊಡೆಯ ಮೇಲೆ ಬಿದ್ದಿದ್ದವು. ಕಿಟಕಿಯ ಆಚೆ ನೋಡುತ್ತಿದ್ದಳೇ ಹೊರತು ಒಂದು ಸಲವೂ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಮತ್ತೆ, ಅವತ್ತು ಅವಳು ಬಾಗಿಲು ತಟ್ಟಿದಾಗ ಮಾಳವಿಕಾ ಅವಳಿಗೆ ಇನ್ನೂ ಫೋನೇ ಮಾಡಿರಲಿಲ್ಲ. ಮ್ಯಾಕಲ್ಸ್‌ಫೀಲ್ಡಿನಿಂದ ರೈಲು, ಟ್ರ್ಯಾಮು ಹಿಡಿದು ಬರಲು ಹೊತ್ತು ಬೇಕು. ಹಾಗಾದರೆ ಚಿಕ್ಕಪ್ಪ ಮೊದಲು ಅವಳಿಗೇ ಹೇಳಿದ್ದರು. ಅವಳಿಗೆ ಎಲ್ಲ ಗೊತ್ತಿತ್ತು. ಸ್ಯಾಂಡ್‌ವಿಚ್ ಕೊಡುವಾಗ ಗೊತ್ತಿತ್ತು, ಏರ್‌ಪೋರ್ಟಿನಲ್ಲಿ ತಬ್ಬಿಕೊಂಡು ಏನೂ ಆಗಲ್ಲ ಹೋಗು ಎಂದಾಗ ಗೊತ್ತಿತ್ತು, ಅಡುಗೆಮನೆಯಲ್ಲಿ ತೊಳೆದ ಕಪ್ಪು ತೊಳೆಯುವಾಗಲೂ ಗೊತ್ತಿತ್ತು. ಕೋಪ ಬರುತ್ತದೆ ಎಂದು ಮಾಳವಿಕಾ ಕಾದಳು. ಬಂತು, ನಿಲ್ಲದೆ ಹೋಯಿತು. ಆ ಕೋಪವನ್ನು ಇಟ್ಟುಕೊಳ್ಳಲು ಇವತ್ತು ಅವಳಲ್ಲಿ ಜಾಗವಿರಲಿಲ್ಲ. ಪಾಪ, ಅಷ್ಟು ದೂರ ಒಬ್ಬಳೇ ಹೊತ್ತಳಲ್ಲ ಎನಿಸಿತು. ಹಾಗೆ ಎನಿಸಿದ್ದೇ ಹೇಳಿಬಿಡಬೇಕು, ಈಗಲೇ, ನಿಂತ ಕಾಲಿನಲ್ಲಿ ಹೇಳಬೇಕು ಎಂದು ನಿಶ್ಚಯಿಸಿ ಬಾಯಿ ತೆರೆದಳು. "ಬಾ, ಮೊದಲು ಊಟ ಮಾಡೋಣ," ಎಂದು ಮಾತು ಹೊರಗೆ ಬಂತು.

ಮಾರುಕಟ್ಟೆಯ ಹಿಂದಿನ ಎತ್ತರದ ಗಲ್ಲಿಯಲ್ಲಿ ಒಂದು ಸಸ್ಯಾಹಾರದ ಅಂಗಡಿ ತೆರೆದಿತ್ತು. ಮೇಲೆ ತಗಡಿನ ಚಾವಣಿ, ಗೋಡೆಯಲ್ಲಿ ಬುದ್ಧನ ಗೂಡು, ಗೂಡಿನ ಮುಂದೆ ಕಿತ್ತಳೆಹಣ್ಣು, ಊದುಬತ್ತಿ. ಗ್ಯಾಸಿನ ಒಲೆಯ ಮುಂದೆ ಕೂತ ಮುದುಕಿ ಇವರ ಒದ್ದೆ ಕಾಲು ನೋಡಿ ಒಂದು ಗೋಣಿಚೀಲ ಎಸೆದಳು. ಅಂಗೈಯಗಲದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತರು. ಅನ್ನ, ಯಾವುದೋ ಸೊಪ್ಪು, ಹಲಸಿನಕಾಯಿಯ ಪಲ್ಯ, ತಿಳಿಸಾರು ಬಂದವು. ಬೃಂದಾ ಬ್ಯಾಗಿನಿಂದ ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಅವ್ವ ಕುಟ್ಟಿ ಕಳಿಸಿದ ಶೇಂಗಾ ಚಟ್ನಿಪುಡಿ. ಮ್ಯಾಕಲ್ಸ್‌ಫೀಲ್ಡಿನಲ್ಲಿ ಅದನ್ನು ಪಿಜ್ಜಾದ ಮೇಲೂ ಉದುರಿಸಿಕೊಳ್ಳುತ್ತಿದ್ದಳು. ಡಬ್ಬಿ ಓರೆ ಮಾಡಿ ತಳ ನೋಡಿದಳು. "ಇವತ್ತಿಗೆ ಮುಗೀತು. ಅವ್ವಂಗೆ ಹೇಳಿ ತರಿಸ್ಕೋಬೇಕು," ಎಂದು ಉಳಿದದ್ದನ್ನೆಲ್ಲ ಅನ್ನದ ಮೇಲೆ ಬಡಿದುಕೊಂಡಳು. ಚಮಚ ಬದಿಗಿಟ್ಟು ಕೈಯಲ್ಲೇ ಕಲಸಿದಳು. ಮುದುಕಿ ನೋಡಿ ನಕ್ಕಳು. ಮಾಳವಿಕಾ ತನ್ನ ಬಟ್ಟಲು ಮುಟ್ಟಲಿಲ್ಲ.

"ನೀನ್ಯಾಕೆ ತಿಂತಿಲ್ಲ?"

"ನಂಗೆ ಹಸಿವಿಲ್ಲ ಕಣೇ. ನೀನು ತಿನ್ನು. ಪೂರ್ತಿ ತಿನ್ನು, ಬಿಡಬೇಡ."

ಬೃಂದಾಳ ಕೈ ತುತ್ತಿನೊಂದಿಗೆ ಅರ್ಧಕ್ಕೆ ನಿಂತಿತು. ಅವಳು ಮಾಳವಿಕಾಳ ಮುಖವನ್ನು ನೋಡಲಿಲ್ಲ, ಜಿಪ್ಪಿನ ಮೇಲಿದ್ದ ಬೆರಳುಗಳನ್ನು ನೋಡಿದಳು. ಆಮೇಲೆ ಮುಟ್ಟದೆ ಬಿಟ್ಟ ಬಟ್ಟಲನ್ನು ನೋಡಿದಳು. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು, ಆ ಸದ್ದಿನಲ್ಲಿ ಬೇರೆ ಯಾವುದೂ ಕೇಳುವಂತಿರಲಿಲ್ಲ. ಆದರೂ ಬೃಂದಾ ಕೇಳಿದ್ದು ಮಾಳವಿಕಾಳಿಗೆ ಚೆನ್ನಾಗಿ ಕೇಳಿಸಿತು.

"ಅಪ್ಪಾಜಿ, ಅಲ್ಲಾ?"

ಮಾಳವಿಕಾ ಬಾಯಿ ತೆರೆದಳು. ಬೃಂದಾ ಎಡಗೈ ಎತ್ತಿ ತಡೆದಳು. "ತಡಿ. ಹೇಳಬ್ಯಾಡ. ಇದೊಂದಿಷ್ಟು ಉಣ್ತೇನಿ, ಆಮ್ಯಾಲ ಹೇಳು." ಇಷ್ಟು ವರ್ಷದ ಸ್ನೇಹದಲ್ಲಿ ಅವಳು ಮಾಳವಿಕಾಳ ಜೊತೆ ಮನೆಯ ಮಾತು ಆಡಿದ್ದು ಅದೇ ಮೊದಲು. ಆಡಿದ್ದು ಅವಳಿಗೆ ಗೊತ್ತಾದ ಹಾಗೆ ಕಾಣಲಿಲ್ಲ. ತುತ್ತನ್ನು ಬಾಯಿಗಿಟ್ಟುಕೊಂಡಳು. ನಿಧಾನವಾಗಿ, ಮಕ್ಕಳಿಗೆ ಉಣ್ಣಿಸುವಾಗ ಸಣ್ಣ ತುತ್ತು ಮಾಡುತ್ತಾರಲ್ಲ, ಹಾಗೆ ಸಣ್ಣ ಸಣ್ಣ ತುತ್ತು ಮಾಡಿ ಉಂಡಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೇಳದಿರುವಷ್ಟು ಹೊತ್ತು ಅವಳ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಮುದುಕಿ ಏನು ಅರ್ಥ ಮಾಡಿಕೊಂಡಳೋ, ಎದ್ದು ಬಂದು ಇನ್ನೊಂದು ಸೌಟು ಸಾರು ಹಾಕಿ ಹೋದಳು.

"ಅವತ್ತ ನಿನಗ ನಾನೂ ಹಿಂಗ ಮಾಡಿದ್ದೆ," ಎಂದಳು ಬೃಂದಾ, ಬಟ್ಟಲಿನಿಂದ ತಲೆ ಎತ್ತದೆ.

"ಗೊತ್ತಾಯ್ತು. ಇವತ್ತು ಗೊತ್ತಾಯ್ತು."

"ಹೇಳಬೇಕಿತ್ತು. ಬಾಯಿನ ಬರಲಿಲ್ಲ." ಬೃಂದಾ ಬಟ್ಟಲಿಗೆ ಅಂಟಿದ್ದ ಪುಡಿಯನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಕಾಗದದಲ್ಲಿ ಕೈ ಒರೆಸಿಕೊಂಡು, ಸೆಟೆದು ಕೂತು, ಫೋನನ್ನು ಮೇಜಿನ ಮೇಲಿಟ್ಟಳು. ಈಗ ಅವಳ ಮುಖದಲ್ಲಿ ಒಂದು ಬಗೆಯ ಗಟ್ಟಿತನ ಬಂದಿತ್ತು. ಅಪ್ಪಾಜಿಗಾಗಿ ಅವಳು ಎಷ್ಟೋ ವರ್ಷದಿಂದ, ದಿಂಬಿನ ಪಕ್ಕ ಫೋನಿಟ್ಟುಕೊಂಡು ಮಲಗುತ್ತಿದ್ದ ದಿನಗಳಿಂದ, ಕೂಡಿಸಿಟ್ಟುಕೊಂಡ ಗಟ್ಟಿತನ ಅದು. "ಹಾಟ್‌ಸ್ಪಾಟ್ ಹಾಕು. ಮೊದಲ ಅವ್ವನ ಜೋಡಿ ಮಾತಾಡ್ತೇನಿ. ಒಬ್ಬಾಕಿನ ಆದ್ಲು ನೋಡು. ಅಳಾಕೂ ಬರೂದಿಲ್ಲ ಆಕಿಗೆ. ಬಂದವರಿಗೆಲ್ಲ ಚಾ ಮಾಡಕೋತ ನಿಂತಿರ್ತಾಳ."

ಮಾಳವಿಕಾ ಹಾಟ್‌ಸ್ಪಾಟ್ ಹಾಕಿದಳು. ಸಂಜೆಗೆ ಇನ್ನೂ ಹೊತ್ತಿತ್ತು. ಒಂದೆರಡು ಉಸಿರಿನ ಮೇಲೆ ಬೃಂದಾಳ ಫೋನು ಮೇಜಿನ ಮೇಲೆ ನಡುಗಿತು, ನಿಂತಿತು, ಮತ್ತೆ ನಡುಗಿತು. ಬೆಳಿಗ್ಗೆಯಿಂದ ಹೊರಗೆ ಕಾದು ನಿಂತಿದ್ದವೆಲ್ಲ ಒಟ್ಟಿಗೆ ಒಳಗೆ ಬರತೊಡಗಿದ್ದವು. ಬೃಂದಾ ಕೈ ಚಾಚಿದಳು. ಅದಕ್ಕೂ ಮುಂಚೆ ಮಾಳವಿಕಾ ತನ್ನ ಅಂಗೈಯನ್ನು ಆ ಪರದೆಯ ಮೇಲೆ ಇಟ್ಟಳು. ಇಟ್ಟು, ಬೆಳಿಗ್ಗೆಯಿಂದ ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದಳು.

"ಅಪ್ಪಾಜಿ ಅಲ್ಲ, ಬೃಂದಾ," ಎಂದಳು.

ಬೃಂದಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಗ್ಗಿ, ಸ್ಟೂಲಿನ ಕೆಳಗೆ, ಒದ್ದೆ ಗೋಣಿಚೀಲದ ಮೇಲೆ, ಅವ್ವನ ಚಟ್ನಿ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು.